ತಂಗಿಯ ಗಾಲಿ ಅಂಗಡಿಗೆ ಯಾವ ಲಿಫ್ಟು?

ಹೋದ ತಿಂಗಳು ಬೆಳಗಾವಿಯ ಒಂದು ವೆಲ್ಡಿಂಗ್ ಶೆಡ್ಡಿನಲ್ಲಿ ನನಗೆ ಭಾರೀ ಮರ್ಯಾದೆ ಸಿಕ್ಕಿತು. ಕುರ್ಚಿ ಹಾಕಿದರು. ಚಹಾ ತರಿಸಿದರು. 'ಸಾಹೇಬ್ರ, ನಿಮಗ ಯಾವ ಲಿಫ್ಟ್ ಬೇಕ್ರಿ?' ಎಂದು ಕೇಳಿದರು. ಲಿಫ್ಟ್ ಬೇಕಾಗಿದ್ದದ್ದು ನನಗಲ್ಲ, ಪಕ್ಕದಲ್ಲಿ ನಿಂತಿದ್ದ ನನ್ನ ತಂಗಿ ಗಿರಿಜಾಳಿಗೆ. (ಅವಳಿಗೆ ಕುರ್ಚಿ ನಾನೇ ಎಳೆದುಕೊಟ್ಟೆ. ಕೂರಲಿಲ್ಲ.)

ವಿಷಯ ಹೇಳಿಬಿಡುತ್ತೇನೆ. ಗಿರಿಜಾ ಇರುವುದು ಖಾನಾಪುರದಲ್ಲಿ. ಸಂತೆಯಿಂದ ಸಂತೆಗೆ ಹೋಗಿ ಸೀರೆಗೆ ಫಾಲ್, ಪಿಕೊ ಮಾಡಿಕೊಡುವುದು ಅವಳ ಉದ್ಯೋಗ. ಹೆಂಗಸರು ಸೀರೆ ಕೊಟ್ಟು ಕಾಯಿಪಲ್ಯ ಕೊಳ್ಳಲು ಹೋಗುತ್ತಾರೆ. ಬರುವಷ್ಟರಲ್ಲಿ ಸೀರೆ ತಯಾರ್. ಇಷ್ಟು ದಿನ ದೊಡ್ಡ ಛತ್ರಿಯ ಕೆಳಗೆ ಕೂರುತ್ತಿದ್ದಳು. ಖಾನಾಪುರದ ಮಳೆ ಛತ್ರಿಗೆ ಬಗ್ಗುವಂಥದ್ದೇ? ಅದಕ್ಕೇ ಎರಡು ಗಾಲಿಯ ತಗಡಿನ ಕ್ಯಾಬಿನ್ ಮಾಡಿಸಲು ಹೊರಟಿದ್ದಳು. ಬಾಡಿಗೆ ಟೆಂಪೊದವನು ಅದನ್ನು ಹಿಂದೆ ಕಟ್ಟಿಕೊಂಡು ಬಂದು ಸಂತೆಯಲ್ಲಿ ಬಿಟ್ಟು ಹೋಗುತ್ತಾನೆ. ಸಂಜೆ ಬಂದು ಒಯ್ಯುತ್ತಾನೆ.

ತೊಡಕು ಒಂದೇ. ಗಾಲಿಯ ಮೇಲೆ ನಿಂತ ಕ್ಯಾಬಿನ್ ಅಲ್ಲಾಡುತ್ತದೆ. ಹೊಲಿಗೆ ಮಷೀನು ತುಳಿದರೆ ಸೂಜಿ ಮುರಿಯುತ್ತದೆ. ವಯಸ್ಸಾದವರಿಗೆ ಹತ್ತಲೂ ಕಷ್ಟ. ಆದ್ದರಿಂದ ಸಂತೆ ಮುಟ್ಟಿದ ಮೇಲೆ ಅದನ್ನು ನೆಲಕ್ಕೆ ಇಳಿಸಬೇಕು, ಸಂಜೆ ಮತ್ತೆ ಗಾಲಿಯ ಮೇಲೆ ಎತ್ತಬೇಕು. ಹೇಗೆ?

ಶೆಡ್ಡಿನ ಮಾಲೀಕ ಮಲ್ಲಪ್ಪ ದಾರಿಗಳನ್ನು ಹೇಳಿದ. ಬ್ಯಾಟರಿ ಮೋಟರು, ಬಟನ್ ಒತ್ತಿದರೆ ಆಯಿತು. ಇಲ್ಲವೇ ಹೈಡ್ರಾಲಿಕ್ ಜಾಕು. ಅದೂ ಬೇಡವೆಂದರೆ ಕೈಯಿಂದ ಹ್ಯಾಂಡಲ್ ತಿರುಗಿಸಿ ತಂತಿಹಗ್ಗ ಸುತ್ತುವ ವಿಂಚು. ನಾನು ಮೋಟರಿಗೆ ವೋಟು ಹಾಕಿದೆ. ನಮ್ಮನ್ನು ಕರೆತಂದ ಟೆಂಪೊದವನದು ಹೈಡ್ರಾಲಿಕ್. (ಚಹಾ ತಂದವನೂ ಒಂದು ಅಭಿಪ್ರಾಯ ಕೊಟ್ಟೇ ಹೋದ.)

'ಮಳ್ಯಾಗ ಬ್ಯಾಟರಿ ಕೈಕೊಟ್ರ ಸಂಜಿಮುಂದ ಲೋಂಡಾ ಸಂತ್ಯಾಗ ಯಾರನ್ನ ಕರೀಲಿ?' ಎಂದಳು ಗಿರಿಜಾ. ಮೋಟರು ಹೋಯಿತು. 'ಎಣ್ಣಿ ಸೋರಿದ್ರ ರಿಪೇರಿಗೆ ಬೆಳಗಾವಿಗೇ ಬರಬೇಕಲ್ಲ?' ಹೈಡ್ರಾಲಿಕ್ಕೂ ಹೋಯಿತು.

ಉಳಿದದ್ದು ಹ್ಯಾಂಡಲ್. ಅಲ್ಲೇ ನಿಂತಿದ್ದ ಯಾರದೋ ಟ್ರೇಲರನ್ನು ಅವಳೇ ಹ್ಯಾಂಡಲ್ ತಿರುಗಿಸಿ ಎತ್ತಿದಳು. ನಿಧಾನ, ಆದರೆ ಗೇರ್ ಇರುವುದರಿಂದ ಕೈಗೆ ಹಗುರ. ಮುಗಿಯಿತು ಎಂದುಕೊಂಡು ನಾನು ಎದ್ದೆ.

'ಇದೂ ಬ್ಯಾಡ' ಎಂದಳು.

'ಹಗುರ ಐತಲ್ಲವಾ?'

'ಹಗುರ ಐತಿ ಅಣ್ಣಾ. ಆದ್ರ ನೋಡಾವ್ರಿಗೆ ಜಡ ಕಾಣತೈತಿ. ಸಂತ್ಯಾಗ ಹೆಣ್ಮಗಳು ಹ್ಯಾಂಡಲ್ ತಿರವಾಕ ನಿಂತ್ರ ನಾಕ ಮಂದಿ ಓಡಿ ಬರ್ತಾರ. ಬಿಡ್ರಿ ಅಕ್ಕಾರ, ನಾವ್ ಮಾಡ್ತೀವಿ ಅಂತ.'

'ಬರ್ಲಿ ಬಿಡು, ಚಲೋನ ಆತು' ಎಂದೆ. ತಲೆ ಇಲ್ಲದ ಮಾತು. 'ಆ ಛತ್ರಿ ಕಥಿ ಮರತ್ಯೇನ್ ಅಣ್ಣಾ?' ಎಂದಳು. ಆಗ ನೆನಪಾಯಿತು.

ಹಿಂದೆ ಇನ್ನೊಂದು ಸಂತೆಯಲ್ಲಿ ಬಾಜುವಿನ ಪ್ಲಾಸ್ಟಿಕ್ ಸಾಮಾನಿನವನು ಇವಳ ಛತ್ರಿ ನೆಟ್ಟುಕೊಡುತ್ತಿದ್ದ. ಒಳ್ಳೆಯ ಮನುಷ್ಯ. ಆಮೇಲೆ ಮಷೀನೂ ಇಳಿಸಿಕೊಟ್ಟ. ಆಮೇಲೆ ಚಹಾಕ್ಕೆ ಕೂತ. ಆಮೇಲೆ 'ಇವ್ರು ನಮ್ಮವ್ರು, ಇವರ್ದು ಮೊದಲ ಮಾಡ್ರಿ' ಎನ್ನತೊಡಗಿದ. ಗಿರಾಕಿಗಳಿಗೆ ರೇಟನ್ನೂ ಅವನೇ ಹೇಳುತ್ತಿದ್ದ. ಒಂದು ದಿನ ಫೋನಿನಲ್ಲಿ ಯಾರಿಗೋ 'ನಮ್ಮ ಅಂಗಡಿಗೆ ಬರ್ರಿ' ಎನ್ನುತ್ತಿದ್ದುದು ಇವಳ ಕಿವಿಗೆ ಬಿತ್ತು. ಬರಬೇಡ ಎನ್ನುವುದು ಹೇಗೆ? ಉಪಕಾರ ಮಾಡಿದವನು! ಇವಳೇ ಆ ಸಂತೆ ಬಿಟ್ಟಳು. ಕಾಯಂ ಗಿರಾಕಿಗಳೂ ಹೋದರು. ನೆನೆದರೆ ನನಗೆ ಈಗಲೂ ಸಿಟ್ಟು ಬರುತ್ತದೆ. ಜಗಳ ತೆಗೆಯೋಣವೆಂದರೆ ಆತ ಹೆಸರಿಟ್ಟು ಹೇಳುವಂಥ ಒಂದು ತಪ್ಪನ್ನೂ ಮಾಡಿರಲಿಲ್ಲವಲ್ಲ!

ಈಗ ಕ್ಯಾಬಿನ್ನೂ ಹಾಗೇ ಯಾರದೋ ಆಗಿಬಿಟ್ಟರೆ?

ಗಿರಿಜಾ ಮಲ್ಲಪ್ಪನತ್ತ ತಿರುಗಿದಳು. 'ಹ್ಯಾಂಡಲ್ ಒಳಗ ಹಾಕಾಕ ಬರ್ತೈತೇನ್ರಿ?'

'ಒಳಗ? ಯಾರೂ ಹಂಗ ಹಾಕ್ಸೂದಿಲ್ರಿ ಅಕ್ಕಾರ.' (ಅಷ್ಟು ಹೊತ್ತಿನಲ್ಲಿ ಅವನು ಅವಳ ಜೊತೆ ಆಡಿದ ಮೊದಲ ಮಾತು ಅದು.) ಆಮೇಲೆ ತಲೆ ಕೆರೆದುಕೊಂಡ. 'ರಾಟಿ ಹಾಕಿ ಹಗ್ಗಾ ಒಳಗ ತರಬೇಕು. ಬರ್ತೈತಿ. ಆದ್ರ ನೀವು ಒಳಗ ನಿಂತ್ರ ನಿಮ್ಮ ಭಾರಾನೂ ನೀವ ಎತ್ತಬೇಕಾಗತೈತಿ ನೋಡ್ರಿ.'

'ಇಷ್ಟ ದಿನಾ ಮತ್ತ ಯಾರ್ ಎತ್ತ್ಯಾರ್ರಿ?'

ಮಲ್ಲಪ್ಪ ನಕ್ಕ. ಟೇಪು ಹಿಡಿದು ಅಳತೆಗೆ ಎದ್ದ.

ಮೊನ್ನೆ ಖಾನಾಪುರದ ಸಂತೆಗೆ ಕ್ಯಾಬಿನ್ ಬಂತು. ನೋಡಲು ನಾನೂ ಹೋಗಿದ್ದೆ. ದಿನವಿಡೀ ಒಂದು ಸೂಜಿಯೂ ಮುರಿಯಲಿಲ್ಲ. ಸಂಜೆ ಗಿರಿಜಾ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಕ್ಯಾಬಿನ್ ಮೆಲ್ಲಗೆ ನೆಲ ಬಿಟ್ಟು ಏಳತೊಡಗಿತು.

ಎದುರಿನ ಉಳ್ಳಾಗಡ್ಡಿ ವ್ಯಾಪಾರಿ ದಡಬಡಿಸಿ ಎದ್ದು ಬಂದ. ಸುತ್ತಲೂ ಒಂದು ಸುತ್ತು ಹಾಕಿದ. ಕೈ ಹಚ್ಚುವುದೆಲ್ಲಿ ಎಂದು ಹುಡುಕಿದ. ಸಿಗಲಿಲ್ಲ.

'ಮೋಟರ್ ಭಾರೀ ಹಾಕ್ಸ್ಯಾರಲ್ರಿ' ಎಂದ ನನಗೆ.

'ಹೌದ್ರಿ, ಭಾರೀ ಐತಿ' ಎಂದೆ. ಅವನು ತನ್ನ ಉಳ್ಳಾಗಡ್ಡಿಯ ಹತ್ತಿರ ವಾಪಸ್ಸು ಹೋದ. ಬಾಗಿಲು ತೆರೆಯಿತು. ಗಿರಿಜಾ ಬೆವರು ಒರೆಸಿಕೊಳ್ಳುತ್ತ ಇಳಿದು ಬಂದಳು. ನನಗೆ ಖುಷಿಯಾಯಿತು, ಸ್ವಲ್ಪ ನಾಚಿಕೆಯೂ ಆಯಿತು. ಕೈ ಹಚ್ಚಲು ಅವನಿಗಿಂತ ಮೊದಲು ಎದ್ದು ನಿಂತಿದ್ದವನು ನಾನು.

ಸಹಾಯಕ್ಕೆ ಓಡಿ ಬರುವುದು ನಮ್ಮ ಗಂಡಸರಿಗೆ ಚೆನ್ನಾಗಿ ಗೊತ್ತು. ಸಹಾಯ ಮುಗಿದ ಮೇಲೆ ಎದ್ದು ಹೋಗುವುದನ್ನು ಯಾವಾಗ ಕಲಿಯುತ್ತೇವೆ?