ಬ್ಯಾಂಕಾಕಿನ ಸಂತೆಯಲ್ಲಿ ನನ್ನ ಹೆಸರು ಕರೆದವರು

ಮೊದಲೇ ಹೇಳಿಬಿಡುತ್ತೇನೆ, ದೆವ್ವ, ಪೀಡೆ, ಅಶರೀರವಾಣಿ ಇವನ್ನೆಲ್ಲ ನಂಬುವ ಆಸಾಮಿ ನಾನಲ್ಲ. ಮೂವತ್ನಾಲ್ಕು ವರ್ಷ ಸರ್ವೆ ಇಲಾಖೆಯಲ್ಲಿ ದುಡಿದವನು. ಶಿಕಾರಿಪುರ, ಸೊರಬ ಎರಡೂ ತಾಲ್ಲೂಕಿನ ಹೊಲಗದ್ದೆಗಳಲ್ಲಿ ಸರಪಳಿ ಎಳೆಸಿ, ಬಾಂದುಕಲ್ಲು ನೆಡಿಸಿ ನಿವೃತ್ತನಾದವನು. ಅಳತೆಗೆ ಸಿಕ್ಕಿದ್ದು ಇದೆ, ಸಿಗದ್ದು ಇಲ್ಲ, ಇಷ್ಟೇ ನನ್ನ ವೇದಾಂತ. ಒಮ್ಮೆ ಬಂದಳಿಕೆಯಲ್ಲಿ ಪಾಳುಗುಡಿಗಳ ಹಿಂದಿನ ಜಮೀನು ಅಳೆಯುವಾಗ, ಸರಪಳಿ ಹಿಡಿದಿದ್ದ ನಮ್ಮ ಹಾಲಪ್ಪ ಗಕ್ಕನೆ ನಿಂತ. "ಯಾರೋ ನನ್ ಹೆಸ್ರು ಹಿಡ್ದು ಕರದ್ರು ಸಾರ್. ನಮ್ಮವ್ವನ ದನಿ ಇದ್ದಂಗಿತ್ತು" ಎಂದವನೇ ಸರಪಳಿ ಕೆಳಗಿಟ್ಟು ಮನೆ ಕಡೆ ಹೊರಟುಬಿಟ್ಟ. ಅವನ ಅವ್ವ ತೀರಿಕೊಂಡು ಎಷ್ಟೋ ವರ್ಷವಾಗಿತ್ತು. ನಾನು ರೈತರೆಲ್ಲರ ಎದುರು ಅವನನ್ನು ಗೇಲಿ ಮಾಡಿದ್ದಲ್ಲದೆ ಆ ದಿನಕ್ಕೆ ಗೈರುಹಾಜರಿಯನ್ನೂ ಹಾಕಿಸಿದೆ. ಈಗ ಹಾಲಪ್ಪ ಇಲ್ಲ. ಇದ್ದಿದ್ದರೆ ಅವನ ಮನೆ ಬಾಗಿಲಿಗೆ ಹೋಗಿ ತಪ್ಪಾಯಿತು ಎನ್ನುತ್ತಿದ್ದೆ.

ನನ್ನ ಹೆಂಡತಿ ನಾಗರತ್ನ ಸೊರಬದ ಉಳವಿ ಕಡೆಯವಳು. ನಾವು ಮದುವೆಯಾದ ಕಾಲಕ್ಕೆ ನಮ್ಮ ಬಳಗದಲ್ಲಿ ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವ ಹೆಂಗಸು ಒಬ್ಬಳೂ ಇರಲಿಲ್ಲ. ಹೇಳಿದರೆ ಗಂಡನ ಆಯಸ್ಸು ಕಡಿಮೆಯಾಗುತ್ತದಂತೆ. ಒಂದೇ ಒಂದು ಸಲ ಹೇಳಬೇಕು, ಅದು ಸೊಸೆಯನ್ನು ಮನೆ ತುಂಬಿಸಿಕೊಳ್ಳುವ ದಿನ. ಗಂಡಿನ ಅಕ್ಕತಂಗಿಯರು ಹೊಸಿಲಿಗೆ ಅಡ್ಡ ನಿಂತು, "ಹೆಸ್ರು ಹೇಳು, ಆಮೇಲೆ ಒಳಗೆ ಬಾ" ಎಂದು ಮದುಮಗಳನ್ನು ಸತಾಯಿಸುತ್ತಾರೆ. ನಾಗರತ್ನ ತಲೆ ತಗ್ಗಿಸಿಕೊಂಡು ತುಟಿ ಅಲ್ಲಾಡಿಸಿದಳು, ಅಷ್ಟೇ. ಪಕ್ಕದಲ್ಲೇ ನಿಂತಿದ್ದ ನನಗೂ ಏನೂ ಕೇಳಿಸಲಿಲ್ಲ. "ಹೇಳಿದ್ಲು, ಹೇಳಿದ್ಲು, ಬಿಡ್ರೇ" ಎಂದು ನನ್ನ ತಂಗಿಯೇ ಕನಿಕರಪಟ್ಟು ದಾರಿ ಬಿಟ್ಟಳು. ಅಲ್ಲಿಂದೀಚೆಗೆ ನಾನು ಅವಳ ಪಾಲಿಗೆ ಬರೀ "ರೀ". ಆಸ್ಪತ್ರೆಯಲ್ಲಿ ಯಾರಾದರೂ ಯಜಮಾನರ ಹೆಸರು ಕೇಳಿದರೆ ಇವತ್ತಿಗೂ ಆಧಾರ್ ಕಾರ್ಡು ಮುಂದೆ ಹಿಡಿಯುತ್ತಾಳೆ.

ನಿವೃತ್ತಿಯಾದ ಮೇಲೆ ಮಗಳು ಹಠ ಹಿಡಿದು ನಮ್ಮಿಬ್ಬರನ್ನೂ ವಿದೇಶದ ಟೂರುಗಳಿಗೆ ಹತ್ತಿಸತೊಡಗಿದಳು. ನಾಲ್ಕು ದಿನ, ಐದು ದಿನ, ಎಲ್ಲ ಗುಂಪಿನ ಜೊತೆ. ಮೊದಲನೆಯದು ಶ್ರೀಲಂಕಾ. ಹೊರದೇಶದ ಬಚ್ಚಲಲ್ಲಿ ನೀರು ಹಿಡಿಯಲು ಏನೂ ಇರುವುದಿಲ್ಲ ಎಂದು ಯಾರೋ ಹೇಳಿದ್ದರಿಂದ ನಾಗರತ್ನ ಮನೆಯ ಸ್ಟೀಲಿನ ಚೊಂಬನ್ನೇ ತಂದಿದ್ದಳು. ಚೊಂಬು ಖಾಲಿ ಏಕೆ ಹೋಗಬೇಕು ಎಂದು ಅದರೊಳಗೆ ಶೇಂಗಾ ಚಟ್ನಿಪುಡಿ ತುಂಬಿ ಬಾಯಿಗೆ ಬಟ್ಟೆ ಕಟ್ಟಿದ್ದಳು. ವಿಮಾನ ನಿಲ್ದಾಣದ ತಪಾಸಣೆಯವನು ಬಟ್ಟೆ ಬಿಚ್ಚಿ ಮೂಗು ಹತ್ತಿರ ತಂದ. ಆಮೇಲೆ ಅವನು ಸೀನಿದ್ದೇ ಸೀನಿದ್ದು. ಹಿಂದಿನ ಸಾಲೆಲ್ಲ ನಗುತ್ತಿತ್ತು. ನಾನೂ ಅವತ್ತು ನಕ್ಕೆ.

ಎರಡನೆಯದು ಸಿಂಗಪುರ. ಹೋಟೆಲಿನವರು ಕೀಲಿಯ ಬದಲು ಒಂದು ಕಾರ್ಡು ಕೊಟ್ಟರು. ಬಾಗಿಲೇನೋ ತೆರೆಯಿತು, ಒಳಗೆ ದೀಪ ಹತ್ತಲಿಲ್ಲ. ಆ ಕಾರ್ಡನ್ನೇ ಗೋಡೆಯ ಸಂದಿಗೆ ಸಿಕ್ಕಿಸಬೇಕೆಂದು ನಮಗೇನು ಗೊತ್ತು? "ಯಾರನ್ನಾದ್ರೂ ಕೇಳಿ ಬರ್ರಿ" ಎಂದು ನಾಗರತ್ನ ನಾಲ್ಕು ಸಲ ಹೇಳಿದಳು. ಕೇಳಲು ನನಗೆ ನಾಚಿಕೆ. "ಇಲ್ಲೂ ಲೋಡ್ ಶೆಡ್ಡಿಂಗ್ ಇರ್ತದೆ ಕಣೇ" ಎಂದು ದೊಡ್ಡದಾಗಿ ತಿಳಿವಳಿಕೆ ಹೇಳಿದೆ. ಮೊಬೈಲ್ ಬೆಳಕಿನಲ್ಲಿ ರೊಟ್ಟಿ ತಿಂದು, ಸೆಕೆಯಲ್ಲಿ ಹೊರಳಾಡಿ ಬೆಳಗು ಮಾಡಿದೆವು. ತಿಂಡಿಯ ಹೊತ್ತಿಗೆ ಅವಳು ಇಡೀ ಗುಂಪಿನ ಎದುರು, "ನಿಮ್ಮ ರೂಮಲ್ಲೂ ಕರೆಂಟ್ ಹೋಗಿತ್ತಾ? ಇವ್ರು ಲೋಡ್ ಶೆಡ್ಡಿಂಗ್ ಅಂದ್ರು" ಎಂದುಬಿಟ್ಟಳು. ನಗು ಟೇಬಲಿನಿಂದ ಟೇಬಲಿಗೆ ಹೋಯಿತು. ದಡ್ಡತನ ನನ್ನದು, ಆದರೆ ಸಿಟ್ಟು ಬಂದದ್ದು ಅವಳ ಮೇಲೆ. ಅವಳ ಜೊತೆ ಜನರ ನಡುವೆ ಓಡಾಡಲು ನನಗೆ ಮುಜುಗರ ಶುರುವಾದದ್ದು ಅಲ್ಲಿಂದ.

ಮೂರನೆಯದು ಬ್ಯಾಂಕಾಕು. ಎರಡು ವರ್ಷದ ಹಿಂದಿನ ಮಾತು. ನಮ್ಮ ಜಿಲ್ಲೆ, ಪಕ್ಕದ ಜಿಲ್ಲೆಯ ಹದಿನಾಲ್ಕು ಜೋಡಿ, ಎಲ್ಲರ ತಲೆಗೂ ಹಳದಿ ಟೋಪಿ. ಯಾರದೋ ಮನೆಯಾಕೆ "ರೀ" ಎಂದರೆ ಸಾಕು, ಏಳೆಂಟು ಹಳದಿ ಟೋಪಿಗಳು ಒಟ್ಟಿಗೆ ತಿರುಗುತ್ತಿದ್ದವು. ಟೂರಿನ ಮ್ಯಾನೇಜರಿಗೆ ಅದೇ ಒಂದು ತಮಾಷೆ. ಗುಂಪಿನಲ್ಲಿ ದಾವಣಗೆರೆ ಕಡೆಯ ನಿವೃತ್ತ ಇಂಜಿನಿಯರೊಬ್ಬರಿದ್ದರು. ಅವರ ಹೆಂಡತಿ ಗಂಡನನ್ನು ಹೆಸರು ಹಿಡಿದೇ ಕರೆಯುತ್ತಿದ್ದರು, ಇಂಗ್ಲಿಷಿನಲ್ಲಿ ಊಟ ಹೇಳುತ್ತಿದ್ದರು. ನನ್ನವಳು ನೋಡಿದರೆ ಹೋಟೆಲಿನ ಕೌಂಟರಿನ ಹುಡುಗಿಗೆ ಕುಂಕುಮ ಹಚ್ಚಿ "ಮದ್ವೆ ಆಗಿದ್ಯಾ ತಂಗಿ?" ಎಂದು ಕನ್ನಡದಲ್ಲೇ ವಿಚಾರಿಸುತ್ತಿದ್ದಳು. ಆ ಹುಡುಗಿ ಕೈಮುಗಿದು ನಗುತ್ತಿದ್ದಳು, ಅವಳಿಗೇನೂ ಬೇಸರವಿರಲಿಲ್ಲ. ಕಿವಿ ಬಿಸಿಯಾಗುತ್ತಿದ್ದದ್ದು ನನಗೆ. ಎರಡನೆಯ ದಿನದಿಂದ ನಾನು ಇಂಜಿನಿಯರ ಜೊತೆ ಹತ್ತು ಹೆಜ್ಜೆ ಮುಂದೆ ನಡೆಯತೊಡಗಿದೆ.

ಮೂರನೆಯ ದಿನ ಮಧ್ಯಾಹ್ನ ಒಂದು ದೊಡ್ಡ ಸಂತೆಗೆ ಕರೆದೊಯ್ದರು. ಶಿಕಾರಿಪುರದ ಸಂತೆಯಂಥವು ಇಪ್ಪತ್ತು ಸೇರಿಸಿದರೂ ಅದರ ಒಂದು ಮೂಲೆಗೆ ಸಾಲದು. ಮೇಲೆ ತಗಡಿನ ಚಾವಣಿ, ಕೆಳಗೆ ಇಬ್ಬರು ಮಾತ್ರ ನಡೆಯಬಹುದಾದ ಓಣಿಗಳು, ಎಲ್ಲ ಓಣಿಗಳೂ ಒಂದೇ ಥರ. ನಾಲ್ಕು ಗಂಟೆಗೆ ಎಲ್ಲರೂ ಗಡಿಯಾರದ ಗೋಪುರದ ಹತ್ತಿರ ಸೇರಬೇಕು, ಅಲ್ಲಿಂದ ನದಿಯಲ್ಲಿ ದೋಣಿ ವಿಹಾರ ಎಂದು ಮ್ಯಾನೇಜರ್ ಹೇಳಿದರು. ನಾನು ಇಂಜಿನಿಯರಿಗೆ ಹಿಂದಿನ ಕಾಲದಲ್ಲಿ ಜಮೀನು ಅಳೆಯುತ್ತಿದ್ದ ಬಗೆಯನ್ನು ವಿವರಿಸುತ್ತ, ದಿಕ್ಕು ತಪ್ಪುವುದು ನನ್ನ ಜನ್ಮದಲ್ಲೇ ಇಲ್ಲ ಎಂದು ಕೊಚ್ಚಿಕೊಳ್ಳುತ್ತ ಹೋಗುತ್ತಿದ್ದೆ. ಹಿಂದಿನಿಂದ "ರೀ" ಎಂದು ಕೇಳಿಸಿತು.

ಇಲ್ಲಿ ಮುಚ್ಚಿಡುವುದೇನೂ ಬೇಡ. ಹದಿನಾಲ್ಕು ಹೆಂಗಸರಲ್ಲಿ ಆ "ರೀ" ಯಾರದೆಂದು ನನಗೆ ಗೊತ್ತಾಯಿತು. ಸ್ವಲ್ಪ ಎಳೆದು, ಕೊನೆಗೆ ದನಿ ಏರಿಸುವ ರೀತಿ ಅವಳದೇ. ಮತ್ತೆ "ರೀ" ಎಂದಳು. ಯಾವುದೋ ಬಳೆಯೋ ಡಬ್ಬಿಯೋ ತೋರಿಸಲು ಕರೆಯುತ್ತಿದ್ದಾಳೆ, ಹೋದರೆ ಅಂಗಡಿಯವರ ಜೊತೆ ಅವಳ ಕನ್ನಡ ಕೇಳಬೇಕಾಗುತ್ತದೆ ಎಂದುಕೊಂಡೆ. ಇಂಜಿನಿಯರು, "ನಿಮ್ಮ ಮನೆಯವ್ರು ಕರೀತಿದಾರೇನೋ ನೋಡ್ರಿ" ಎಂದರು. "ಅಲ್ಲ ಬಿಡ್ರಿ, ಬೇರೆ ಯಾರೋ" ಎಂದೆ. ಮೂರನೆಯ ಸಲವೂ ಕೇಳಿಸಿತು. ಆಗ ನಾವು ತಿರುವಿನಲ್ಲಿದ್ದೆವು. ನಾನು ತಿರುಗಿ ನೋಡದೆ ತಿರುವು ದಾಟಿದೆ.

ನಾಲ್ಕು ಗಂಟೆಗೆ ಗೋಪುರದ ಹತ್ತಿರ ಇಪ್ಪತ್ತೇಳು ಟೋಪಿಗಳು ಬಂದವು. ಅವಳಿರಲಿಲ್ಲ. ನಾಲ್ಕೂವರೆಯಾಯಿತು, ಇಲ್ಲ. ಅವಳ ಫೋನು ನನ್ನ ಚೀಲದಲ್ಲಿತ್ತು, ಪಾಸ್‌ಪೋರ್ಟು ಮ್ಯಾನೇಜರ ಹತ್ತಿರ. ಹೋಟೆಲಿನ ಹೆಸರು ಅವಳಿಗೆ ಗೊತ್ತಿರಲಿಲ್ಲ. ಸೊರಬದ ಬಸ್ ನಿಲ್ದಾಣದಲ್ಲಿ ಕಳೆದುಹೋದರೆ ಯಾರಾದರೂ ಕೈಹಿಡಿದು ಮನೆಗೆ ಮುಟ್ಟಿಸುತ್ತಾರೆ, ಅಲ್ಲಿ ಅವಳು ಯಾರನ್ನು ಏನೆಂದು ಕೇಳಿಯಾಳು? ಸಂತೆಯ ಕಚೇರಿಯವರು ಮೈಕಿನಲ್ಲಿ ಅವಳ ಹೆಸರು ಕೂಗಿದರು, ಆ ಉಚ್ಚಾರಣೆಯಲ್ಲಿ ಅದು ಅವಳ ಹೆಸರೆಂದು ನನಗೇ ತಿಳಿಯಲಿಲ್ಲ. ಮೊದಲರ್ಧ ಗಂಟೆ ಅವಳ ಮೇಲೆ ಬೈಗುಳ ಬರುತ್ತಿತ್ತು. ಆಮೇಲೆ ಬಾಯಿ ಒಣಗಿತು. ಮಗಳಿಗೆ ಏನೆಂದು ಫೋನು ಮಾಡಲಿ ಎಂದು ಯೋಚಿಸಿ ಕಣ್ಣು ಕತ್ತಲೆ ಬಂತು.

ಗುಂಪಿನವರು ಒಂದೊಂದು ಕಡೆ ಹುಡುಕಲು ಹೊರಟರು. ನಾನೂ ಇಂಜಿನಿಯರೂ ಒಂದು ಕಡೆ. ದಿಕ್ಕು ತಪ್ಪದ ಸರ್ವೆಯರು ಒಂದೇ ಚಪ್ಪಲಿ ಅಂಗಡಿಯ ಮುಂದೆ ಮೂರು ಸಲ ಹಾದುಹೋದೆ. ಐದೂವರೆ ಸುಮಾರಿಗೆ ನಾಲ್ಕು ಓಣಿ ಕೂಡುವ ಜಾಗದಲ್ಲಿ ನಿಂತಿದ್ದಾಗ ಎಡಗಡೆಯಿಂದ ಕರೆ ಕೇಳಿಸಿತು. ಕೂಗಲ್ಲ, ಅಡುಗೆಮನೆಯಿಂದ ಪಡಸಾಲೆಗೆ ಕರೆದಷ್ಟೇ ದನಿ. ನನಗೆ ಮೊದಲು ಆದದ್ದು ಭಯವಲ್ಲ, ಅಬ್ಬಾ, ಇಲ್ಲೇ ಇದ್ದಾಳೆ ಎಂಬ ನಿರಾಳ. ಬಡಬಡನೆ ಎಡಕ್ಕೆ ನುಗ್ಗಿದೆ. ಬಟ್ಟೆ ಅಂಗಡಿಗಳ ಸಾಲು ಮುಗಿದಲ್ಲಿ ಇನ್ನೊಮ್ಮೆ ಕೇಳಿಸಿತು, ಬಲಕ್ಕೆ ತಿರುಗಿದೆ. ಆಗ ತಲೆಗೆ ಹೊಳೆಯಿತು. ಅವಳು ಕರೆಯುತ್ತಿದ್ದದ್ದು "ರೀ" ಎಂದಲ್ಲ. ನನ್ನ ಹೆಸರು. ಅಪ್ಪ ಇಟ್ಟ ಪೂರ್ತಿ ಹೆಸರು, ಒಂದಕ್ಷರವೂ ನುಂಗದೆ. ಮೂವತ್ತೊಂದು ವರ್ಷದಲ್ಲಿ ಆ ಬಾಯಿಂದ ಅದನ್ನು ಕೇಳಿದವನೇ ಅಲ್ಲ ನಾನು, ಆದರೂ ಯಾರ ದನಿಯೆಂದು ಅನುಮಾನ ಬರಲಿಲ್ಲ. ಮೈಮೇಲಿನ ರೋಮವೆಲ್ಲ ಎದ್ದು ನಿಂತಿತು. ಬಾಗಿಲು ಎಳೆದಿದ್ದ ಅಂಗಡಿಗಳ ನಡುವೆ ಮೂರನೆಯ ಸಲ ಕೇಳಿಸಿತು, ಮತ್ತೆ ಇಲ್ಲ.

ಆ ಓಣಿಯ ತುದಿಯಲ್ಲಿ ಮಣ್ಣಿನ ಕುಂಡ ಮಾರುವ ಅಂಗಡಿ. ಮುಂದೆ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ನಾಗರತ್ನ ಕೂತಿದ್ದಳು, ಹಳದಿ ಟೋಪಿ ತೊಡೆಯ ಮೇಲೆ. ಅಂಗಡಿಯ ಮುದುಕಿ ಅವಳ ಕುತ್ತಿಗೆಗೆ ಒದ್ದೆ ಬಟ್ಟೆ ಹಾಕಿ, ಕೈಗೆ ಸೀಬೆಹಣ್ಣಿನ ಹೋಳು ಕೊಟ್ಟಿದ್ದಳು. ನನ್ನನ್ನು ನೋಡಿ ನಾಗರತ್ನ ಎದ್ದು ನಿಂತಳು. ಬಾಯಿ ತೆರೆದರೆ ದನಿಯೇ ಇಲ್ಲ, ಬರೀ ಗಾಳಿ. ಹತ್ತಿರ ಬಗ್ಗಿದಾಗ ಕೇಳಿಸಿತು.

"ಕರ್ದೂ ಕರ್ದೂ ಗಂಟ್ಲೇ ಬಿದ್ದೋಯ್ತು ರೀ. ಆಗ್ಲೇ ಸಾಕು ಮಾಡ್ದೆ. ಬತ್ತೀರಿ ಅಂತ ಇಲ್ಲೇ ಕೂತ್ಕಂಡೆ."

"ಈಗ ನನ್ನ ಹೆಸ್ರು ಹಿಡಿದು ಕರೆದ್ಯಲ್ಲ?"

ನನಗೆ ತಲೆ ಕೆಟ್ಟಿದೆಯೇನೋ ಎಂಬಂತೆ ನೋಡಿದಳು. "ಬಿಡ್ತು ಅನ್ನಿ. ನಿಮ್ಮ ಹೆಸ್ರಾ? ನಾನಾ?"

ಮುದುಕಿಗೆ ಸನ್ನೆ ಮಾಡಿ ಕೇಳಿದೆ. ಅವಳು ನಾಗರತ್ನಳ ಗಂಟಲು ತೋರಿಸಿ ಇಲ್ಲ ಇಲ್ಲ ಎಂದು ಕೈಯಾಡಿಸಿದಳು. ಇಂಜಿನಿಯರನ್ನು ಕೇಳಿದೆ. "ನನಗೇನೂ ಕೇಳಿಸಲಿಲ್ಲ ಸಾರ್. ನೀವು ದಡದಡ ತಿರುಗಿದ್ದು ನೋಡಿ, ದಾರಿ ಗೊತ್ತಾಗಿದೆ ಅಂದ್ಕೊಂಡೆ" ಎಂದರು. ಮೈಕಿನವರ ಹತ್ತಿರ ನನ್ನ ಹೆಸರು ಇರಲಿಲ್ಲ. ಗುಂಪಿನಲ್ಲಿ ನಾನು ಎಲ್ಲರಿಗೂ ಬರೀ ಸರ್ವೆ ಸಾರು.

ನಾಚಿಕೆಗೇಡಿನದು ಇಷ್ಟಕ್ಕೇ ಮುಗಿಯಲಿಲ್ಲ. ದೋಣಿ ಹೊರಟುಹೋಗಿತ್ತು, ಬಸ್ಸಿನಲ್ಲಿ ಎಲ್ಲರೂ ಮುಖ ಊದಿಸಿಕೊಂಡು ಕೂತಿದ್ದರು. ನಾವು ಹತ್ತಿದಾಗ ಒಬ್ಬಾಕೆ, "ಒಂದ್ಸಲ ಕೂಗಿ ಕರೀಬಾರದಿತ್ತೇನ್ರೀ ಯಜಮಾನ್ರನ್ನ?" ಎಂದು ನಾಗರತ್ನಳಿಗೆ ದಬಾಯಿಸಿದಳು. ಇವಳು ಆ ಇಲ್ಲದ ದನಿಯಲ್ಲೇ, "ತಪ್ಪು ನಂದೇ ಕಣ್ರೀ. ನಾನು ಕರೀಲೇ ಇಲ್ಲ. ಗಿಡ ನೋಡ್ತಾ ನಿಂತ್ಬಿಟ್ಟೆ" ಎಂದಳು. ಕರೆದು ಕರೆದು ಗಂಟಲು ಹರಿದುಕೊಂಡವಳು ಕರೆಯಲೇ ಇಲ್ಲ ಎಂದಳು. ಇಂಜಿನಿಯರು ಒಮ್ಮೆ ನನ್ನ ಮುಖ ನೋಡಿದರು, ಆಮೇಲೆ ಕಿಟಕಿ ಕಡೆ ತಿರುಗಿದರು. ಆಗಲಾದರೂ ನಾನು ಎದ್ದು ನಿಂತು ನಿಜ ಹೇಳಬಹುದಿತ್ತು. ಟೋಪಿ ಸರಿಮಾಡಿಕೊಳ್ಳುತ್ತ ಸೀಟಿನಲ್ಲಿ ಕೂತೆ.

ಹೋದ ವರ್ಷ ಕುಬಟೂರಿನಲ್ಲಿ ನನ್ನ ತಂಗಿಯ ಮಗನ ಮದುವೆಯಾಯಿತು. ಮನೆ ತುಂಬಿಸಿಕೊಳ್ಳುವಾಗ ಹೆಣ್ಣುಮಕ್ಕಳು ಹೊಸಿಲಿಗೆ ಅಡ್ಡ ನಿಂತು ಹೆಸರು ಕೇಳಿದರು. ಈಗಿನ ಹುಡುಗಿ, ದಿನಕ್ಕೆ ನೂರು ಸಲ ಆ ಹೆಸರು ಕರೆಯುವವಳು, ಆದರೂ ಆ ಗಳಿಗೆಯಲ್ಲಿ ಅವಳ ದನಿ ಸಣ್ಣಗಾಯಿತು. ಅದು ಕಿವಿಗೆ ಬಿದ್ದದ್ದೇ ತಡ, ನಾನು ಪಕ್ಕದ ಕಂಬ ಹಿಡಿದುಕೊಂಡೆ. ಸಂತೆಯಲ್ಲಿ ನಾನು ಕೇಳಿದ ದನಿ ನಾಗರತ್ನಳದೇ, ಆದರೆ ಐವತ್ತು ದಾಟಿದ ನಾಗರತ್ನಳದಲ್ಲ. ಮದುವೆಯಾದ ಹೊಸತರ, ಅಂಜುಬುರುಕ ಹುಡುಗಿಯ ದನಿ ಅದು. ಇಷ್ಟು ದಿನ ನನಗೆ ಅದು ಹೊಳೆದಿರಲಿಲ್ಲ.

ಅವಳು ಪಕ್ಕದಲ್ಲೇ ಆರತಿ ತಟ್ಟೆ ಹಿಡಿದು ನಿಂತಿದ್ದಳು. ತಡೆಯಲಾರದೆ, "ನೀನು ಮನೆ ತುಂಬಿದ ದಿನ ನನ್ನ ಹೆಸರು ಹೇಳಲೇ ಇಲ್ಲ ನೋಡು" ಎಂದೆ.

"ಹೇಳಿದ್ದೆ ರೀ" ಎಂದಳು, ಹುಡುಗಿಯ ಕಡೆಯೇ ನೋಡುತ್ತ. "ಅವತ್ತೂ ನಿಮಗೆ ಕೇಳ್ಸಿರ್ಲಿಲ್ಲ."

ನಾನು ಆ ಮೇಲೆ ಬಹಳ ಲೆಕ್ಕ ಹಾಕಿದ್ದೇನೆ. ದಣಿದ ಕಿವಿ ಎನ್ನಲೇ, ತಪ್ಪು ಮಾಡಿದವನ ಭ್ರಮೆ ಎನ್ನಲೇ? ಭ್ರಮೆಗೆ ಎಡಬಲ ಹೇಗೆ ಗೊತ್ತಾಯಿತು? ಹಾಲಪ್ಪ ಇದ್ದಿದ್ದರೆ ಅವನನ್ನೇ ಕೇಳುತ್ತಿದ್ದೆ. ಕರೆದವರು ಯಾರೆಂದು ನನಗೆ ಇವತ್ತಿಗೂ ಗೊತ್ತಿಲ್ಲ, ಗೊತ್ತಾಗುವ ದಾರಿಯೂ ಕಾಣದು. ಗೊತ್ತಿರುವುದು ಒಂದೇ ಒಂದು, ಅದನ್ನು ಅವಳ ಮುಖ ನೋಡಿ ಹೇಳುವ ಧೈರ್ಯ ಎರಡು ವರ್ಷದಿಂದ ಬಂದಿಲ್ಲ. ನಾನು ಬರೆದದ್ದನ್ನೆಲ್ಲ ಮೊದಲು ಓದುವವಳು ಅವಳೇ ಆದ್ದರಿಂದ ಇಲ್ಲಿ ಬರೆದಿಡುತ್ತೇನೆ. ನಾಗರತ್ನ, ಆ ಮಧ್ಯಾಹ್ನ ನೀನು "ರೀ" ಎಂದದ್ದು ನನಗೆ ಕೇಳಿಸಿತ್ತು. ಮೂರು ಸಲವೂ ಕೇಳಿಸಿತ್ತು.