ರಾಚಪ್ಪನವರು ಮತ್ತು ನಡುವಿನ ಧ್ವನಿ

ರಾಚಪ್ಪನವರು ಟಿವಿಗೆ ಬೆನ್ನು ಮಾಡಿ ಕೂತೇ ಟಿವಿ ನೋಡುತ್ತಿದ್ದರು. ಗೋಡೆಯತ್ತ ಮುಖ, ತೊಡೆಯ ಮೇಲೆ ಟೋಪಿ, ಅರ್ಧ ಮುಚ್ಚಿದ ಕಣ್ಣು. ಯಾರಾದರೂ ನಕ್ಕರೆ, "ಕಣ್ಣಿಗೆ ಕೆಲಸ ಸಿಕ್ಕರ ಕಿವಿ ಮೈಗಳ್ಳತನ ಮಾಡ್ತಾವ್ರಿ" ಅನ್ನುತ್ತಿದ್ದರು.

ಹುನಗುಂದದ ಕಡೆಯವರು. ನಾಟಕ ಕಂಪನಿಗಳ ಹಾರ್ಮೋನಿಯಂ ರಿಪೇರಿ ಮಾಡಿಕೊಂಡಿದ್ದವರನ್ನು ಬಾಗಲಕೋಟೆಯ ನಮ್ಮ ಸಣ್ಣ ಕೇಬಲ್ ವಾಹಿನಿಗೆ ಮಾಲಕರು ನನ್ನ ಸಹಾಯಕ್ಕೆಂದು ಕರೆತಂದರು. ಅಲ್ಲಿ ಎಂಜಿನಿಯರ್ ಅಂತ ಇದ್ದವನು ನಾನೊಬ್ಬನೇ. ಸಹಾಯ ಬೇಕೆಂದು ನಾನು ಕೇಳಿರಲಿಲ್ಲ.

ಅವರು ಬಂದ ವಾರವೇ ಹೊಸ ಮಿಷನ್ ಕೂಡಿಸಿದ್ದೆ. ಈಗಿನ ಸಿನಿಮಾಗಳ ಧ್ವನಿ ಆರು ದಾರಿಯಲ್ಲಿ ಬರುತ್ತದೆ: ಎಡ, ಬಲ, ಮಾತು ಬರುವ ನಡು, ಹಿಂದೆ ಎರಡು, ಗುಡುಗಿನಂಥ ಸದ್ದಿಗೆ ಇನ್ನೊಂದು. ಮನೆಯ ಟಿವಿಗೆ ಇರುವುದು ಎರಡೇ ಸ್ಪೀಕರ್. ಆರನ್ನು ಎರಡಕ್ಕೆ ಇಳಿಸುವ ಲೆಕ್ಕವನ್ನು ಮಿಷನ್ನಿಗೆ ನಾನೇ ಕೊಟ್ಟಿದ್ದೆ. ಮೊದಲ ಸಿನಿಮಾ ಶುರುವಾದದ್ದೇ ತಡ, ಫೋನುಗಳು ಬಂದವು: "ಹಾಡು ಕೇಳ್ತಾವು, ಮಾತು ಕೇಳವಲ್ದು." ನಿಮ್ಮ ಟಿವಿ ಕೆಟ್ಟಿರಬೇಕು ಅಂದೆ.

ರಾಚಪ್ಪನವರು ಎದುರಿನ ಚಹಾದಂಗಡಿಗೆ ಹೋಗಿ, ಅಲ್ಲಿನ ಟಿವಿಗೆ ಬೆನ್ನು ಮಾಡಿ ಕೂತು ಬಂದರು. "ಸರ, ನಡುವಿನ ಧ್ವನಿ ಮನಿ ಮುಟ್ಟವಲ್ದು. ಅದನ್ನ ಎಡಕ್ಕೂ ಬಲಕ್ಕೂ ಹಂಚ್ರಿ. ಹಂಚೂಮುಂದ ಸ್ವಲ್ಪ ತಗ್ಗಿಸ್ರಿ, ಎರಡೂ ಕಡಿಂದ ಬಂದು ಕೂಡಿದಾಗ ದೊಡ್ಡದಾಕ್ಕೈತಿ."

ಕೈಪಿಡಿ ತೆರೆದು ನೋಡಿದೆ. ಅದರಲ್ಲೂ ಅದೇ ಇತ್ತು. ಕೈಪಿಡಿ ಓದಲು ಬಾರದವರು ಅದನ್ನು ಕಿವಿಯಿಂದ ಓದಿದ್ದರು. ಮಾಲಕರು ಅವರ ಬೆನ್ನು ತಟ್ಟಿದರು. ನಾಲ್ಕು ವರ್ಷದಲ್ಲಿ ನನ್ನ ಬೆನ್ನು ಅವರು ಒಮ್ಮೆಯೂ ತಟ್ಟಿರಲಿಲ್ಲ.

ಆಮೇಲೆ ಎಲ್ಲದಕ್ಕೂ "ರಾಚಪ್ಪನ್ನ ಕರೀರಿ" ಆಯಿತು. ನಾನು ಬರೀ ಗುಂಡಿ ಒತ್ತುವವನಾದೆ.

ಇಳಕಲ್ಲಿನ ಹಳೆಯ ನಟಿ ಅಂಬಕ್ಕ ಬಾದಾಮಿಯಲ್ಲಿ ಕೊನೆಯ ಸಲ ಬಣ್ಣ ಹಚ್ಚಿದರು. ಆ ನಾಟಕವನ್ನೂ ಆರು ದಾರಿಯಲ್ಲೇ ಮುದ್ರಿಸಿದ್ದರು. ಹಿಂದಿನ ಎರಡರಲ್ಲಿ ಜನರ ಶಿಳ್ಳೆ, ಚಪ್ಪಾಳೆ. ರಾಚಪ್ಪನವರು ಅದನ್ನೆಲ್ಲ ತಗ್ಗಿಸಿ, ಮಾತು ಮುಂದೆ ಬರುವಂತೆ ಹದ ಮಾಡಿಟ್ಟರು. ಪ್ರಸಾರಕ್ಕೆ ಐದು ನಿಮಿಷ ಮುಂಚೆ, ಯಾರೂ ಇಲ್ಲದಾಗ, ನಾನು ಹಿಂದಿನ ಎರಡನ್ನೂ ಏರಿಸಿಬಿಟ್ಟೆ.

ಅಂಬಕ್ಕನ ಮಾತು ಶಿಳ್ಳೆಯಲ್ಲಿ ಮುಳುಗಿತು. ಮಾಲಕರು ಎಲ್ಲರೆದುರು ರಾಚಪ್ಪನವರನ್ನು ಬೈದರು. ರಾಚಪ್ಪನವರು ಮಿಷನ್ನಿನ ಪರದೆ ನೋಡಿದರು, ನನ್ನನ್ನು ನೋಡಿದರು. "ನನ್ನ ತಪ್ಪರಿ" ಅಂದರು.

ಹೊರಗೆ ಮೆಟ್ಟಿಲ ಹತ್ತಿರ ಮೆಲ್ಲಗೆ ಕೇಳಿದರು: "ಸರ, ಸಿಟ್ಟು ನನ್ನ ಮ್ಯಾಲೆ ಇತ್ತು. ಆ ಮುದುಕಿ ಮಾತು ಯಾಕ ಮುಚ್ಚಿದ್ರಿ?"

ಮರುದಿನದಿಂದ ಅವರು ಕೆಲಸಕ್ಕೆ ಬರಲಿಲ್ಲ.

ತಿಂಗಳು ತಡೆದು ಮಾಲಕರ ಮುಂದೆ ಒಪ್ಪಿಕೊಂಡೆ. ಅವರು ನನ್ನೆದುರೇ ಫೋನ್ ಮಾಡಿ ರಾಚಪ್ಪನವರನ್ನು ಕರೆದರು. "ಬ್ಯಾಡ್ರಿ, ಆ ಮಿಷನ್ನು ಈಗ ಅವರಿಗೆ ಚೊಲೋ ತಿಳಿದೈತಿ" ಎಂಬ ಉತ್ತರ ಬಂತು. ನಾಟಕದ ಧ್ವನಿಯನ್ನು ನಾನು ಮೊದಲಿನಿಂದ ಹದ ಮಾಡಿದೆ. ಮೂರು ದಿನ ಹಿಡಿಯಿತು. ಅದನ್ನು ತೆಗೆದುಕೊಂಡು ಇಳಕಲ್ಲಿಗೆ ಅಂಬಕ್ಕನ ಮನೆಗೆ ಹೋದರೆ, ರಾಚಪ್ಪನವರು ಅಲ್ಲೇ ಇದ್ದರು. ಆಕೆಯ ಹಾರ್ಮೋನಿಯಂ ಬಿಚ್ಚಿಕೊಂಡು ಕೂತಿದ್ದರು.

ಮೂವರೂ ಕೇಳಿದೆವು. ಒಂದು ಮಾತೂ ತಪ್ಪಲಿಲ್ಲ. "ಈಗ ಬರೋಬರಿ ಐತ್ರಿ" ಅಂದರು ರಾಚಪ್ಪನವರು.

ಅಂಬಕ್ಕ ಕಣ್ಣೊರೆಸಿಕೊಂಡು ಅವರ ಕೈ ಹಿಡಿದರು. "ಚೊಲೋ ಮಾಡೀದಿ ತಮ್ಮಾ."

"ನಾ ಅಲ್ಲಕ್ಕಾ, ಮಾಡಿದವರು ಇವರು."

ಆಕೆ ನನ್ನತ್ತ ತಲೆಯಾಡಿಸಿದರು. ಹಿಡಿದ ಕೈ ಬಿಡಲಿಲ್ಲ.

ಅದೇ ಕೊನೆಯ ಭೇಟಿ. ಎರಡು ತಿಂಗಳಿಗೆ ರಾಚಪ್ಪನವರು ತೀರಿಕೊಂಡರೆಂದು ಸುದ್ದಿ ಬಂತು. ಆ ಭೇಟಿಯ ದಿನ ಇಳಕಲ್ಲಿನಿಂದ ಬಸ್ಸಿನಲ್ಲಿ ಮರಳುವಾಗ, ಕ್ಷಮೆ ಕೇಳಲಿಲ್ಲ ಎಂಬುದು ನನಗೆ ನೆನಪೇ ಆಗಲಿಲ್ಲ. ಬಾಗಲಕೋಟೆ ಬರುವವರೆಗೂ ಒಂದೇ ಯೋಚನೆ: ಕೆಲಸ ನನ್ನದು, ಆಕೆ ಹಿಡಿದದ್ದು ಅವರ ಕೈ.