ಮಗ್ಗದ ಕುಣಿಯಲ್ಲಿ ಶಾರ್ಕ್

ಶಾರ್ಕ್ ಮೀನನ್ನು ನಾನು ನೋಡಿದ್ದು ಚಿಕ್ಕವಳಿದ್ದಾಗ, ಲಕ್ಷ್ಮೇಶ್ವರದಲ್ಲಿ. ಬಸ್‌ಸ್ಟ್ಯಾಂಡಿನ ಹಿಂದಿನ ಬಯಲಿನಲ್ಲಿ ಒಂದು ಮುಚ್ಚಿದ ಲಾರಿ ನಿಂತಿತ್ತು. ಒಳಗೆ ಆಸ್ಪತ್ರೆಯ ವಾಸನೆ. ಉದ್ದನೆಯ ತಗಡಿನ ತೊಟ್ಟಿಯಲ್ಲಿ ಸತ್ತ ಮೀನು ಬಾಯಿ ತೆರೆದು ಮಲಗಿತ್ತು. ಹಲ್ಲಿನ ಒಂದು ಸಾಲಿನ ಹಿಂದೆ ಇನ್ನೊಂದು ಸಾಲು ಇತ್ತು.

ನನ್ನ ಅಕ್ಕ ಇದನ್ನು ಒಪ್ಪುವುದಿಲ್ಲ. ಅವಳು ಹೇಳುವಂತೆ ಅದು ಮುಂಡರಗಿ, ಸೋದರಮಾವನ ಊರು. ನಾನು ಅಂಜಿ ಒಳಗೇ ಹೋಗಲಿಲ್ಲವಂತೆ, ಲಾರಿಯ ಗಾಲಿಯ ಪಕ್ಕ ಕುಳಿತು ಅತ್ತೆನಂತೆ. "ನೀ ಬರೇ ಮೈಕ ಕೇಳೀದಿ. ಮೀನ ನೋಡಿದಾಕಿ ನಾನು," ಎನ್ನುತ್ತಾಳೆ. ಮೈಕಿನಲ್ಲಿ ಒಬ್ಬ ಕೂಗುತ್ತಿದ್ದದ್ದು ಮಾತ್ರ ಇಬ್ಬರಿಗೂ ಒಂದೇ ರೀತಿ ನೆನಪಿದೆ: "ಬರ್ರಿ, ನೋಡ್ರಿ, ಮನಷ್ಯಾನ ಕಾಲ ಕಡಿಯೋ ಶಾರ್ಕ! ನೀರಾಗ ಕಾಲ ಇಟ್ರ ಮುಗೀತು!"

ಹಾಗಾದರೆ ನಾನು ಕಂಡ ಆ ಎರಡನೆಯ ಸಾಲಿನ ಹಲ್ಲು ಯಾವುದು? ಗೊತ್ತಿಲ್ಲ. ಈಗಲೂ ಬಿಡಿಸಿ ಬರೆಯಬಲ್ಲೆ. ಅಕ್ಕ ಮೀನನ್ನು ಕಣ್ಣಾರೆ ನೋಡಿದವಳು, ಅವಳಿಗೆ ಏನೂ ಆಗಲಿಲ್ಲ.

ನೀರಿಗೆ ಕಾಲಿಟ್ಟರೆ ಮೀನು ಹಿಡಿಯುತ್ತದೆಂಬ ಭಯ ಉಳಿದದ್ದು ನನಗೆ. ತವರೂರು ಶಿರಹಟ್ಟಿಯಲ್ಲಿದ್ದಷ್ಟು ದಿನ ಅದು ಅಂಥ ತೊಂದರೆ ಕೊಡಲಿಲ್ಲ. ನಮ್ಮ ಮನೆಯಲ್ಲಿ ನೀರೆಂದರೆ ಕೊಡದಲ್ಲಿರುವುದು. ಕೊಡದಲ್ಲಿ ಯಾರೂ ಕಾಲಿಡುವುದಿಲ್ಲ. ಒಮ್ಮೆ ಸಂಕ್ರಾಂತಿಗೆ ತುಂಗಭದ್ರೆಗೆ ಹೋದಾಗ ಎಲ್ಲರೂ ನದಿಯಲ್ಲಿ ಮುಳುಗಿ ಎದ್ದರು, ನಾನು ದಂಡೆಯಲ್ಲಿ ನಿಂತು ತಂಬಿಗೆಯಿಂದ ತಲೆಗೆ ಸುರಿದುಕೊಂಡೆ. ಅತ್ತು ಕರೆದು ಪಾರಾದೆ. ನಮ್ಮಪ್ಪ ನೇಕಾರರ ಕುಲದವನಾದರೂ ಮಗ್ಗ ಬಿಟ್ಟು ಸೈಕಲ್ ಅಂಗಡಿ ಇಟ್ಟಿದ್ದ. ಹೀಗಾಗಿ ಮಗ್ಗದ ಕುಣಿಯನ್ನು ನಾನು ಹತ್ತಿರದಿಂದ ನೋಡಿದ್ದು ಎಪ್ಪತ್ತರ ದಶಕದ ಕೊನೆಗೆ, ಬೆಟಗೇರಿಗೆ ಸೊಸೆಯಾಗಿ ಬಂದ ಮೇಲೆ.

ಆ ಮನೆಯ ನಡುಕೋಣೆಯಲ್ಲಿ ಎರಡು ಮಗ್ಗಗಳಿದ್ದವು. ಒಂದರಲ್ಲಿ ನನ್ನ ಗಂಡ ನೇಯುತ್ತಿದ್ದ. ಇನ್ನೊಂದು ತೀರಿಹೋದ ಮಾವನದು, ಖಾಲಿ. ಎರಡೂ ಕುಣಿಮಗ್ಗ. ನೆಲದಲ್ಲಿ ಕುಣಿ ತೋಡಿರುತ್ತಾರೆ. ನೇಯುವವರು ಅದರ ಅಂಚಿನಲ್ಲಿ ಕುಳಿತು ಕಾಲನ್ನು ಒಳಗೆ ಇಳಿಬಿಟ್ಟು ಕೆಳಗಿನ ಹಲಗೆಗಳನ್ನು ತುಳಿಯಬೇಕು. ಮೇಲೆ ನೂಲಿನ ಹಾಸು ಹರಡಿಕೊಂಡಿರುವುದರಿಂದ ತಮ್ಮ ಕಾಲು ತಮಗೇ ಕಾಣುವುದಿಲ್ಲ. ಮಳೆಗಾಲದಲ್ಲಿ ಕುಣಿಯ ತಳದಲ್ಲಿ ನೀರು ಜಿನುಗುತ್ತದೆ. ಬೆಟಗೇರಿಯಲ್ಲಿ ಇದು ಯಾರಿಗೂ ಸುದ್ದಿಯಲ್ಲ. ಗೋಣಿಚೀಲ ಹಾಕಿ ನೇಯುತ್ತಾರೆ.

ಅತ್ತೆ ಒಳ್ಳೆಯ ದಿನ ನೋಡಿ ನನ್ನನ್ನು ಮಾವನ ಮಗ್ಗದ ಮುಂದೆ ಕೂಡಿಸಿದಳು.

"ಕಾಲ ಬಿಡವಾ ಒಳಗ."

"ಒಳಗ ಏನೈತ್ರಿ, ಅತ್ತಿ?"

"ಏನಿರತೈತಿ? ನಿಮ್ಮ ಮಾವ ಉಗಳಿದ ಎಲಿ-ಅಡಿಕಿ ಇದ್ದೀತು."

ಕಾಲು ಬಿಟ್ಟೆ. ತಣ್ಣಗಿನ ಗಾಳಿ ಹಿಮ್ಮಡಿಗೆ ತಾಕಿತು. ಚೀರಿದೆನಂತೆ. ಚೀರಿದ್ದು ನನಗೆ ನೆನಪಿಲ್ಲ. ಗೋಡೆಗೆ ಒತ್ತಿ ಕುಳಿತು ಎರಡೂ ಪಾದಗಳನ್ನು ಸೀರೆಯೊಳಗೆ ಸುತ್ತಿಕೊಂಡದ್ದು ನೆನಪಿದೆ. ಮಧ್ಯಾಹ್ನ ಊಟಕ್ಕೆ ಬಡಿಸುವಾಗ ಗಂಡ ಕೇಳಿದ.

"ಏನಾತು ನಿನಗ?"

"ಶಾರ್ಕ್ ಮೀನ ಕಾಲ ಹಿಡೀತೈತಿ ಅನಸ್ತೈತ್ರಿ."

ಅವನ ಕೈಯಲ್ಲಿ ರೊಟ್ಟಿ ಹಾಗೇ ನಿಂತಿತು. "ಎಲ್ಲಿ?"

"ಕುಣ್ಯಾಗ."

"ಅಲ್ಲಲೇ, ನಳದಾಗ ಎಂಟ ದಿನಕ್ಕೊಮ್ಮಿ ನೀರ ಬರೂ ಊರು ಇದು. ಅದರ ಏನ್ ಕುಡದು ಬದಕತೈತಿ?"

ತನ್ನ ಈ ಮಾತು ಅವನಿಗೆ ಬಹಳ ಹಿಡಿಸಿತು. ಸಂಜೆಯೊಳಗೆ ಓಣಿಗೆಲ್ಲ ಮುಟ್ಟಿಸಿದ. ನಾನು ಮೀನಿನ ಸೊಸೆಯಾದೆ. ಎದುರು ಮನೆಯಲ್ಲಿ ನೂಲಿಗೆ ಬಣ್ಣ ಹಾಕುವ ಮುಸ್ಲಿಂ ಮನೆತನವಿತ್ತು. ಆ ಮನೆಯ ಹಿರಿಯಳನ್ನು ನಾವೆಲ್ಲ ಖಾಲಾ ಎನ್ನುತ್ತಿದ್ದೆವು. ಬಣ್ಣದ ಕೈ ಒರೆಸಿಕೊಳ್ಳುತ್ತ ಅವಳು ಕೂಗುತ್ತಿದ್ದಳು, "ಏ ಬೇಟಿ, ನಿನ್ನ ಮೀನಿಗೆ ಇವತ್ತ ಯಾವ ಬಣ್ಣಾ ಹಾಕ್ಲಿ? ಹಸರು ನಡೀತೈತಿ?" ನಕ್ಕ ಮೇಲೆ ತಾನೇ ಒಂದು ತಾಯತ ತಂದು ನನ್ನ ತೋಳಿಗೆ ಕಟ್ಟಿದಳು. ಅತ್ತೆ ಕುಣಿಯ ಮೇಲೆ ನಿಂಬೆಹಣ್ಣು ತೂಗುಹಾಕಿದಳು. ಹಣ್ಣು ಒಣಗಿತು, ನನ್ನ ಕಾಲು ಇಳಿಯಲಿಲ್ಲ.

ನನಗೆ ಕಂಡಿಕೆ ಸುತ್ತುವ ಕೆಲಸ ಬಂತು. ಲಾಳಿಯೊಳಗೆ ಕೂಡಿಸುವ ಸಣ್ಣ ಕೊಳವೆಗೆ ನೂಲು ಸುತ್ತುವುದು. ಆ ಕೆಲಸಕ್ಕೆ ಜಾಗವೂ ಇಲ್ಲ, ಮರ್ಯಾದೆಯೂ ಇಲ್ಲ. ಸುತ್ತುವವಳನ್ನು ಯಾರು ಬೇಕಾದರೂ ಎಬ್ಬಿಸಬಹುದು. ನೀರು ತಾ, ಒಲೆ ನೋಡು, ಬಂದವರಿಗೆ ಚಹಾ ಇಡು. ಮಗ್ಗದ ಮೇಲೆ ಕುಳಿತವರನ್ನು ಮಾತ್ರ ಯಾರೂ ಎಬ್ಬಿಸುವುದಿಲ್ಲ. ಲಾಳಿ ಓಡುವಾಗ ಅತ್ತೆ ಕೂಡ ದನಿ ತಗ್ಗಿಸುತ್ತಿದ್ದಳು. ಗಂಡ ಮುಂಜಾನೆಯಿಂದ ಊಟದ ಹೊತ್ತಿನವರೆಗೆ ಯಾರಿಗೂ ಓಗೊಡದೆ ಕುಳಿತಿರುವುದನ್ನು ನಾನು ಹೊಟ್ಟೆಕಿಚ್ಚಿನಿಂದ ನೋಡುತ್ತಿದ್ದೆ. ಆ ಮನೆಯಲ್ಲಿ ಹೆಣ್ಣಿಗೆ ಹಾಗೆ ಕೂಡಲು ಒಂದೇ ಜಾಗವಿತ್ತು. ಅದು ಮಾವನ ಮಗ್ಗ.

ಆ ಮಗ್ಗವೂ ಕೈತಪ್ಪುವ ಹೊತ್ತು ಬಂತು. "ದಸರಾ ಆಗ್ಲಿ, ಅಡರಕಟ್ಟಿಯಿಂದ ನನ್ನ ತಂಗಿ ಮಗನ್ನ ಕರಸ್ತೀನಿ. ಮಗ್ಗಾ ಖಾಲಿ ಇರಬಾರದು," ಎಂದು ಅತ್ತೆ ಹೇಳಿದಳು. ಅವನಿಗೆಂದು ಹೊಸ ಹಾಸನ್ನೂ ಹೂಡಿಸಿಟ್ಟಳು. ಅವನು ಬಂದು ಕುಳಿತರೆ ನಾನು ಮುದುಕಿಯಾಗುವವರೆಗೆ ಇಬ್ಬರು ಗಂಡಸರಿಗೆ ಕಂಡಿಕೆ ಸುತ್ತಬೇಕು.

ಬೆಟಗೇರಿಯ ನೇಕಾರರು ಅಮಾವಾಸ್ಯೆಯ ದಿನ ಮಗ್ಗ ಮುಟ್ಟುವುದಿಲ್ಲ. ಲಾಳಿಗೆ ಕುಂಕುಮ ಹಚ್ಚಿ ಬಟ್ಟೆ ಮುಚ್ಚಿಡುತ್ತಾರೆ. ಅತ್ತೆ ಅವತ್ತು ಲಕ್ಕುಂಡಿಯ ಬಸ್ಸು ಹಿಡಿದು ತವರಿನ ದೇವರಿಗೆ ಹೋಗುತ್ತಿದ್ದಳು. ಗಂಡ ಗೆಳೆಯರೊಡನೆ ಗದಗಿನ ಕಡೆ ತಿರುಗಲು ಹೋಗುತ್ತಿದ್ದ. ನಡುಕೋಣೆಯಲ್ಲಿ ನಗುವವರು ಯಾರೂ ಇರುವುದಿಲ್ಲ. ಮಣ್ಣೆತ್ತಿನ ಅಮಾವಾಸ್ಯೆಗೆ ನಾನು ಕುಣಿಯ ಅಂಚಿನಲ್ಲಿ ಕುಳಿತು ಒಂದು ಪಾದ ಇಳಿಸಿದೆ. ಹೀಗೆ ಬರೆದಾಗ ಸಲೀಸಾಗಿ ಕಾಣುತ್ತದೆ. ಇಳಿಸಿದೆ, ತೆಗೆದೆ, ಹೊರಗೆ ಹೋಗಿ ವಾಂತಿ ಮಾಡಿದೆ, ಮತ್ತೆ ಬಂದು ಇಳಿಸಿದೆ. ನಾಗರ ಅಮಾವಾಸ್ಯೆಗೆ ಮೊಣಕಾಲಿನವರೆಗೆ. ಅಷ್ಟರಲ್ಲಿ ಮಳೆ ಹಿಡಿದಿತ್ತು, ತಳದಲ್ಲಿ ನೀರಿತ್ತು. ಪಾದ ನೀರಿಗೆ ತಾಕಿದಾಗ ಹಲ್ಲಿನ ಎರಡೂ ಸಾಲುಗಳು ಕಂಡವು. ಕಣ್ಣು ಮುಚ್ಚಲಿಲ್ಲ, ಮುಚ್ಚಿದರೆ ಇನ್ನೂ ಸ್ಪಷ್ಟವಾಗಿ ಕಾಣುತ್ತಿದ್ದವು. "ಕಡಿ," ಎಂದೆ. "ಕಡೀತೀ ಅಂದ್ರ ಕಡಿ. ಮುಗಸು." ಎಷ್ಟು ಹೊತ್ತು ಕುಳಿತೆನೋ. ಅದು ಕಡಿಯಲಿಲ್ಲ. ಒಂದು ಕಪ್ಪೆ ನನ್ನ ಕಾಲ ಮೇಲೆ ಹತ್ತಿ ಇಳಿದು ಹೋಯಿತು. ಕಪ್ಪೆಗೆ ನಾನು ಅಂಜಲಿಲ್ಲ.

ಶ್ರಾವಣ ಮುಗಿಯುವ ಅಮಾವಾಸ್ಯೆಗೆ ಕುಣಿಯೊಳಗೆ ಪೂರ್ತಿ ಇಳಿದು, ಗೋಣಿಚೀಲ ತೆಗೆದು, ತಂಬಿಗೆಯಿಂದ ನೀರು ಮೊಗೆದು ಹೊರಹಾಕಿದೆ. ತಳವನ್ನು ಕೈಯಿಂದ ಸವರಿದೆ. ಮಣ್ಣು, ಒಂದೆರಡು ಹಳೆಯ ಕಂಡಿಕೆ. ಮೇಲೆ ಬಂದು ಅಂಚಿನಲ್ಲಿ ಕುಳಿತು ಕಾಲು ಇಳಿಬಿಟ್ಟೆ. ಕಾಲು ಸುಮ್ಮನೆ ಕಾಲಾಗಿತ್ತು. ಆಮೇಲೆ ನಾನು ಮಾಡಿದ್ದು ಯೋಚಿಸಿ ಮಾಡಿದ್ದಲ್ಲ. ಬಟ್ಟೆ ಸರಿಸಿ, ಲಾಳಿ ತೆಗೆದುಕೊಂಡು, ಅಡರಕಟ್ಟಿಯವನಿಗೆಂದು ಹೂಡಿದ ಹಾಸಿನ ಮೇಲೆ ನೇಯತೊಡಗಿದೆ. ಗಂಡನನ್ನು ನೋಡಿ ನೋಡಿ ಕೈಗೆ ಗೊತ್ತಿತ್ತು. ಎಳೆ ತಪ್ಪುತ್ತಿತ್ತು, ಆದರೂ ಬಟ್ಟೆ ಮೂಡುತ್ತಿತ್ತು.

ಮಿಕ್ಕ ದಿನಗಳಲ್ಲಿ ಆ ಓಣಿಯಲ್ಲಿ ಒಂದು ಮಗ್ಗದ ಸದ್ದು ಯಾರಿಗೂ ಬೇರೆಯಾಗಿ ಕೇಳಿಸುವುದಿಲ್ಲ, ಮನೆಮನೆಯಲ್ಲೂ ಮಗ್ಗ. ಅಮಾವಾಸ್ಯೆಯ ಮಧ್ಯಾಹ್ನ ಇಡೀ ಬೆಟಗೇರಿ ಸುಮ್ಮನಿತ್ತು. ನನ್ನದೊಂದೇ ಹೊಡೆದುಕೊಳ್ಳುತ್ತಿತ್ತು. ನನಗೆ ಅದು ತೋಚಲೇ ಇಲ್ಲ.

ಮೊದಲು ಖಾಲಾ ಓಡಿಬಂದಳು. "ಯಾ ಅಲ್ಲಾ! ಅಮಾಸಿ ದಿನಾ ಯಾರದಿದು?" ನನ್ನನ್ನು ಕಂಡು ಬಾಗಿಲಲ್ಲೇ ನಿಂತಳು. "ಮೀನ ಎಲ್ಲಿ ಹೋತು?"

"ಇಲ್ಲ ಖಾಲಾ. ಏನೂ ಇಲ್ಲ ಇಲ್ಲೆ." ನಾನು ನಗುತ್ತಿದ್ದೆ.

"ನಗಬ್ಯಾಡ. ಜಲ್ದಿ ಏಳು. ಹೊರಗ ಮಂದಿ ನಿಂತಾರ."

ಸಂಜೆ ಅತ್ತೆ ಬಸ್ಸಿಳಿದು ಬರುವಷ್ಟರಲ್ಲಿ ಕಟ್ಟೆಯ ಮೇಲೆ ಓಣಿಯ ಹಿರಿಯರು ಕುಳಿತಿದ್ದರು. ಒಬ್ಬನ ಹಾಸು ಆ ವಾರ ಹರಿದಿತ್ತು, ಇನ್ನೊಬ್ಬನ ಕೂಸಿಗೆ ಜ್ವರ ಬಂದಿತ್ತು. ಎರಡೂ ನನ್ನ ಲೆಕ್ಕಕ್ಕೆ ಬಂದವು. ಅವೆರಡೂ ಅಮಾವಾಸ್ಯೆಗಿಂತ ಮುಂಚೆಯೇ ಆಗಿದ್ದವೆಂದು ಯಾರಿಗೂ ಹೊಳೆಯಲಿಲ್ಲ. ಅತ್ತೆ ನನ್ನ ರಟ್ಟೆ ಹಿಡಿದು ಅಡುಗೆಮನೆಗೆ ಎಳೆದೊಯ್ದಳು. ಬೈಯಲಿಲ್ಲ. ಮೆಲ್ಲಗೆ ಮಾತಾಡಿದಳು.

"ಅಂಜಿಕಿ ಹೋಗೇತೇನು?"

"ಹೂಂರಿ, ಅತ್ತಿ. ಹೋತು."

"ಯಾವಾಗ?"

"ಇವತ್ತರಿ."

"ಹೋಗಾಕ ಬ್ಯಾರೆ ದಿನಾ ಸಿಗಲಿಲ್ಲ ಅದಕ್ಕ." ರಟ್ಟೆ ಬಿಟ್ಟು ನನ್ನನ್ನು ಒಲೆಯ ಮುಂದೆ ಕೂಡಿಸಿದಳು. "ಕೇಳಿಲ್ಲೆ. ನನ್ನ ಬುದ್ಧೀಲೆ ಕುಂತೆ ಅಂದಿ ಅಂದ್ರ ಸೊಕ್ಕು ಅಂತಾರ. ನಾಳೆ ನಿಮ್ಮಪ್ಪನ್ನ ಕರಸಬೇಕಾಕ್ಕೈತಿ. ಮೀನ ಒಳಗ ಎಳಕೊಂತು, ಏನ್ ಮಾಡಿದ್ನೋ ಖಬರ ಇಲ್ಲ ಅಂದಿ ಅಂದ್ರ ಜಡ್ಡು ಅಂತಾರ. ಜಡ್ಡಿಗೆ ಔಷಧ ಐತಿ."

"ಔಷಧ ಏನ್ರಿ?"

"ಮಗ್ಗಾನ. ಅಂಜಿಕಿ ಬಿಡೂತನಕ ದಿನಾ ಕುಂಡ್ರಸ್ತೀನಿ ಅಂತ ಹೇಳ್ತೀನಿ. ಅಡರಕಟ್ಟಿ ಹುಡುಗ ಯಾಕ ಬೇಕು? ಅಂವಾ ಬಂದ್ರ ಪಾಲ ಕೇಳ್ತಾನ."

ಅಷ್ಟರಲ್ಲಿ ಗದಗಿನಿಂದ ಮರಳಿದ್ದ ಗಂಡ ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದ. ನಾನು ಅವನ ಮುಖ ನೋಡಿದೆ. "ಏನರ ಅನ್ನು. ಮಗ್ಗಾ ನಡದ್ರ ಆತು," ಎಂದ.

ಹೊರಗೆ ಬಂದಾಗ ಹಿರಿಯನೊಬ್ಬ ಅತ್ತೆಯನ್ನು ಕೇಳಿದ, "ಏನಬೇ, ನಿನ್ನ ಸೊಸಿಗೆ ದೇವರು-ದಿಂಡರ ಅಂಜಿಕಿನೂ ಇಲ್ಲೇನು?"

"ಅಂಜಿಕಿ ಇಲ್ಲದೇನ್ರೀ ಯಪ್ಪಾ? ಅಂಜಿಕಿನ ಅಕಿನ್ನ ತಿಂದೈತಿ. ಆ ಮೀನ ಎಳದೈತಿ. ಬೇಕಾದ್ರ ಅಕಿನ್ನ ಕೇಳ್ರಿ."

ಎಲ್ಲರೂ ನನ್ನ ಕಡೆ ತಿರುಗಿದರು. ಖಾಲಾ ಕೂಡ ಅಲ್ಲಿದ್ದಳು. ನಾನು ನೆಲ ನೋಡುತ್ತ, "ಮೀನ ಎಳೀತ್ರಿ," ಎಂದೆ. ಖಾಲಾ ಸೆರಗು ಸರಿಪಡಿಸಿಕೊಂಡು ತನ್ನ ಮನೆಗೆ ನಡೆದಳು. ಮುಂದೆ ಅವಳು ಮೀನಿನ ಮಾತನ್ನು ಎಂದೂ ತೆಗೆಯಲಿಲ್ಲ.

ಮಗ್ಗ ನನಗೆ ಸಿಕ್ಕಿತು. ಎಂಬತ್ತರ ದಶಕವನ್ನೆಲ್ಲ ಅದರ ಮೇಲೆಯೇ ಕಳೆದೆ. ಆದರೆ ದಿನವೂ ಮುಂಜಾನೆ ಅತ್ತೆ ಬಂದು ನನ್ನ ರಟ್ಟೆ ಹಿಡಿಯಬೇಕು, "ಬಿಡು, ನಮ್ಮ ಸೊಸಿನ್ನ ಬಿಡು," ಎಂದು ಕುಣಿಗೆ ಹೇಳಬೇಕು, ನಾನು ಸ್ವಲ್ಪ ನಡುಗಬೇಕು, ಆಮೇಲೆ ಕಾಲು ಇಳಿಸಬೇಕು. ಓಣಿಯವರು ಕಿಟಕಿಯಿಂದ ನೋಡುತ್ತಿದ್ದ ಮೊದಲ ತಿಂಗಳುಗಳಲ್ಲಿ ಇದು ಬೇಕಿತ್ತು. ಅವರು ನೋಡುವುದನ್ನು ಬಿಟ್ಟ ಮೇಲೂ ಅತ್ತೆ ನಿಲ್ಲಿಸಲಿಲ್ಲ. ನಾನು ನೇಯ್ದ ಸೀರೆ ಚೆನ್ನಾಗಿದೆ ಎಂದು ಯಾರಾದರೂ ಅಂದರೆ, "ಕಾಲ ಇಡಾಕ ಅಂಜತಿದ್ಲರಿ. ನಾ ಬಿಡಿಸಿದೆ," ಎನ್ನುತ್ತಿದ್ದಳು. ನಾನು ಗಟ್ಟಿಯಾಗಿ ತುಳಿಯುತ್ತಿದ್ದೆ. ಆದರೂ ಕೇಳಿಸುತ್ತಿತ್ತು.

ಅತ್ತೆಯ ಕಥೆ ವರ್ಷವರ್ಷವೂ ಬಲಿಯಿತು. ಅದರಲ್ಲಿ ಈಗ ನನ್ನ ಹಿಮ್ಮಡಿಯಲ್ಲಿ ಹಲ್ಲಿನ ಗುರುತಿದೆ. ನನ್ನ ಗಂಡ ಅದನ್ನು ಕಂಡಿದ್ದಾನಂತೆ. ಎಲ್ಲದಕ್ಕೂ ತಕರಾರು ತೆಗೆಯುವ ನನ್ನ ಅಕ್ಕನೂ ಅತ್ತೆಯ ಕಥೆಯನ್ನೇ ಹೇಳುತ್ತಾಳೆ. ನನ್ನ ಮೂರು ಅಮಾವಾಸ್ಯೆಗಳಿಗೆ ಸಾಕ್ಷಿಯಿಲ್ಲ. ಅವಕ್ಕೆ ನಾಗರ, ಮಣ್ಣೆತ್ತು ಎಂದು ಹೆಸರಿಟ್ಟು ಸಾಲಾಗಿ ಜೋಡಿಸಿದ್ದೂ ಈಗ ಬರೆಯುವಾಗಲೇ ಇರಬಹುದು. ಕಪ್ಪೆ ಮಾತ್ರ ಖರೆ. ಸುಳ್ಳು ಹೇಳುವುದಿದ್ದರೆ ನಾನು ಇನ್ನೂ ಒಳ್ಳೆಯ ಪ್ರಾಣಿಯನ್ನು ಆರಿಸುತ್ತಿದ್ದೆ.

ಅತ್ತೆಗೆ ಕಣ್ಣು ಮಂಜಾದ ಮೇಲೆ ಒಂದು ದಿನ ಅಡರಕಟ್ಟಿಯಿಂದ ಅವಳ ತಂಗಿಯ ಮನೆಯವರು ಬಂದರು. ಚಹಾ ಕುಡಿದು ನಡುಕೋಣೆಗೆ ಬಂದು ಕುಳಿತರು. ಅತ್ತೆ ಕಥೆ ಹೇಳಿದಳು. "ಹಂಗಾರ ಈಗ?" ಎಂದು ತಂಗಿ ಕೇಳಿದಳು.

"ಈಗೂ ಒಂಚೂರು ಐತಿ. ಕಾಲ ಇಳಿಬಿಡವಾ, ನೋಡ್ಲಿ ಅವರು."

ನಾನು ಕುಣಿಯ ಅಂಚಿಗೆ ಬಂದು ಕುಳಿತೆ. ಹಾಸು ಅರ್ಧ ನೇಯ್ದು ನಿಂತಿತ್ತು, ಮುಗಿಸಬೇಕಿತ್ತು. ಬೇಗ ಮುಗಿದುಹೋಗಲಿ ಎಂದು ಬಲಗಾಲನ್ನು ಕುಣಿಯ ಮೇಲೆ ಹಿಡಿದು ನಡುಗಿಸಿದೆ. "ಅಯ್ಯ ಶಿವನ," ಎಂದಳು ತಂಗಿ. ಅತ್ತೆ ತೃಪ್ತಿಯಿಂದ ತಲೆಯಾಡಿಸಿದಳು. ಅವರು ಎದ್ದು ಹೊರಗೆ ಹೋದರು. ಇನ್ನು ಸಾಕೆಂದು ನಡುಕ ನಿಲ್ಲಿಸಹೋದೆ. ಅದು ಕೂಡಲೇ ನಿಲ್ಲಲಿಲ್ಲ.